ಗಿರಿಯಮ್ಮನ ಖಾಲಿ ಸಾಲುಗಳು

ನಮ್ಮೂರಿನ ನಲ್ಲಿಗಳು ಮುನಿಸಿಕೊಳ್ಳುತ್ತಿದ್ದ ಕಾಲ ನನಗೆ ಚೆನ್ನಾಗಿ ನೆನಪಿದೆ. ಆಗ ಮೇಲಿನ ಪೇಟೆಗೆ ನೀರು ಬಿಡುವ ಕಂಪ್ಯೂಟರ್ ಕೋಡ್ ಬರೆದವನು ಪುಟ್ಟಮಾದ ಎಂಬ ಮುಂಗೋಪಿ. ಸಾಲುಗಳನ್ನು ಒಂದಕ್ಕೊಂದು ಒತ್ತಿ ತುರುಕುತ್ತಿದ್ದ, ಹೆಸರಿಡಬೇಕಾದ ಕಡೆಯಲ್ಲೆಲ್ಲ ಒಂದೊಂದೇ ಅಕ್ಷರ ಇಡುತ್ತಿದ್ದ, ಇದು ಏನು ಮಾಡುತ್ತದೆ ಎಂದು ಯಾರಾದರೂ ಕೇಳಿದರೆ "ಓಡ್ತಾ ಇದೆಯಲ್ಲ, ಇನ್ನೇನ್ ಬೇಕು ನಿಮ್ಗೆ" ಎಂದು ಹಾಯಲು ಬರುತ್ತಿದ್ದ. ಮೇಲಿನ ಪೇಟೆಯ ನಲ್ಲಿಗಳೂ ಹಾಗೆಯೇ ಇದ್ದವು. ಒಂದು ಸಲ ತಿರುಗಿಸಿದರೆ ನೀರು ಬರುತ್ತಿತ್ತು, ಇನ್ನೊಂದು ಸಲ ತಿರುಗಿಸಿದರೆ ಗೊರಗೊರ ಎಂದು ಬೈದು ನಿಂತುಬಿಡುತ್ತಿತ್ತು. ಹೆಂಗಸರು ಪುಟ್ಟಮಾದನ ಮನೆಗೆ ಹೋಗಿ, ಅವನ ಸೊಂಟನೋವು ವಿಚಾರಿಸಿ, ಒಂದು ಡಬ್ಬಿ ಚಕ್ಕುಲಿ ಕೊಟ್ಟು ಬಂದರೆ ಅವತ್ತು ನೀರು ಸರಾಗ. ಶಾಲೆಯ ಗಂಟೆಯ ಕೋಡ್ ಬರೆದಾಕೆ ಬಲು ಸಂಕೋಚದವಳು. ಗಂಟೆ ಯಾರಿಗೂ ತೊಂದರೆಯಾಗದ ಹಾಗೆ ಮೆಲ್ಲಗೆ ಹೊಡೆದು ಸುಮ್ಮನಾಗುತ್ತಿತ್ತು. ಮೇಷ್ಟ್ರು ಅದರ ಕೆಳಗೇ ಕುರ್ಚಿ ಹಾಕಿಕೊಂಡು ಪಾಠ ಮಾಡುವುದನ್ನು ರೂಢಿಸಿಕೊಂಡರು.

ದೀಪ, ನೀರು, ಗಂಟೆ, ಲಾಂಚು, ಎಲ್ಲವೂ ನಮ್ಮಲ್ಲಿ ಕೋಡ್‌ನಿಂದಲೇ ನಡೆಯುತ್ತವೆ. ಬರೆದವರ ಕೈ ಹೇಗೋ ಬರೆಸಿಕೊಂಡದ್ದರ ಬುದ್ಧಿಯೂ ಹಾಗೆ. ಇದರಲ್ಲಿ ಆಶ್ಚರ್ಯಪಡುವುದನ್ನು ಊರು ಎಂದೋ ಬಿಟ್ಟಿತ್ತು. ಆದರೆ ಒಂದು ಕೊಡ ನೀರಿಗಾಗಿ ಇನ್ನೊಬ್ಬರ ಸೊಂಟನೋವು ವಿಚಾರಿಸುವುದು ಯಾರಿಗೂ ಹಿತವಾದ ಕೆಲಸವಲ್ಲ. ಚಕ್ಕುಲಿ ಮಾಡಲಾಗದವರ ಮನೆಯಲ್ಲಿ ನೀರೇ ಬಾರದಾದಾಗ ಊರಿನವರು ಸೇರಿ ಕಟ್ಟಳೆ ಮಾಡಿದರು. ಕೋಡ್ ಆಫೀಸಿನಲ್ಲಿ ಇನ್ನು ಮುಂದೆ ಎಲ್ಲರೂ ಒಂದೇ ಕೈಯಲ್ಲಿ ಬರೆಯಬೇಕು. ಸಾಲು ಎಲ್ಲಿ ಮುರಿಯಬೇಕು, ಒಳಗಿನ ಸಾಲನ್ನು ಎಷ್ಟು ಸರಿಸಿ ಬರೆಯಬೇಕು, ಹೆಸರುಗಳು ಹೇಗಿರಬೇಕು, ಟಿಪ್ಪಣಿ ಎಲ್ಲಿ ಬೇಕು, ಎಲ್ಲಿ ಬೇಡ, ಎಲ್ಲವೂ ತೀರ್ಮಾನವಾಯಿತು. ಆ ದಿನದಿಂದ ನಲ್ಲಿ ಎಂದರೆ ನಲ್ಲಿ ಅಷ್ಟೆ. ತಿರುಗಿಸಿದರೆ ನೀರು, ಮುಚ್ಚಿದರೆ ಇಲ್ಲ.

ಎಲ್ಲರೂ ಒಂದೇ ಕೈಯಲ್ಲಿ ಬರೆದಿದ್ದಾರೆಯೇ ಎಂದು ನೋಡಲು ನಾವು ಕಂಡುಕೊಂಡ ಉಪಾಯಕ್ಕೆ ಕೈ ಹುಡುಕುವುದು ಎಂದು ಹೆಸರು. ಊಟವಾದ ಮೇಲೆ ಹೊಸ ಕೋಡನ್ನು ಗೋಡೆಯ ದೊಡ್ಡ ಸ್ಕ್ರೀನಿನ ಮೇಲೆ ಹಾಕುತ್ತೇವೆ. ಬರೆದವರು ಯಾರೆಂದು ಹೇಳುವುದಿಲ್ಲ. ಎಲ್ಲರೂ ಓದಿ ಊಹಿಸಬೇಕು. ಒಬ್ಬರಾದರೂ ಸರಿಯಾಗಿ ಹೆಸರು ಹೇಳಿದರೆ ಕೋಡ್ ವಾಪಸ್ಸು. ಯಾರಿಗೂ ಗೊತ್ತಾಗದಿದ್ದರೆ ಪಾಸು. ಈ ಕೆಲಸದ ಉಸ್ತುವಾರಿ ನನ್ನದು. ಅಡುಗೆಯಲ್ಲಿ ಕೈರುಚಿ ಇರಬೇಕು, ನೀರಿನ ನಲ್ಲಿಯಲ್ಲಿ ಇರಬಾರದು ಎಂಬುದು ನನ್ನ ಮತ. ಹೊಸಬರು ನಾಲ್ಕು ಸಾಲು ಚೆಂದವಾಗಿ ಬರೆದು ನನ್ನ ಮುಖ ನೋಡಿದರೆ, "ಚೆನ್ನಾಗಿದೆ, ಅದಕ್ಕೇ ತೆಗಿ" ಎನ್ನುತ್ತೇನೆ. ನನ್ನ ಬೆನ್ನ ಹಿಂದೆ ಅವರು ನನ್ನನ್ನು ಅಳತೆಪಟ್ಟಿ ಎಂದು ಕರೆಯುತ್ತಾರೆ. ಅಂಬುಜಾ ಎಂಬ ಹೆಸರಿಗಿಂತ ಅದೇ ನನಗೆ ಹೊಂದುತ್ತದೆ ಎಂದು ನನಗೂ ಅನ್ನಿಸಿದ್ದುಂಟು.

ಕಟ್ಟಳೆಯಿಂದ ತಪ್ಪಿಸಿಕೊಂಡು ಉಳಿದದ್ದು ಒಂದೇ, ನದಿ ದಾಟಿಸುವ ಲಾಂಚು. ಅದರ ಕೋಡ್ ಕಟ್ಟಳೆಗಿಂತ ಹಳೆಯದು. ಬರೆದವರು ಗಿರಿಯಮ್ಮ, ನನಗೆ ಈ ಕೆಲಸ ಕಲಿಸಿದವರು. ಅವರಿಗೊಂದು ಅಭ್ಯಾಸವಿತ್ತು, ಒಂದು ಸಾಲು ಬರೆದರೆ ಅದರ ಕೆಳಗೆ ಒಂದು ಸಾಲು ಖಾಲಿ ಬಿಡುವುದು. ಕೆಲವು ಕಡೆ ಎರಡು, ಮೂರು. ಸ್ಕ್ರೀನು ನೋಡಿದರೆ ನಡುನಡುವೆ ಜಾಗ ಖಾಲಿಯಿರುವ ಊಟದ ಪಂಕ್ತಿಯಂತೆ ಕಾಣುತ್ತಿತ್ತು. ಏಕೆ ಹೀಗೆ ಎಂದು ಕೇಳಿದ್ದಕ್ಕೆ, "ಯಾರಾದ್ರೂ ಬರೋರಿದ್ರೆ ಜಾಗ ಬೇಡ್ವೇನಮ್ಮ" ಎಂದು ನಕ್ಕಿದ್ದರು. ಬರುವವರು ಯಾರೆಂದು ಊರಿಗೆಲ್ಲ ಗೊತ್ತಿತ್ತು. ಅವರ ಗಂಡ ಬೋರಲಿಂಗಯ್ಯ. ನದಿಯ ಈಚೆ ದಡದಲ್ಲಿ ಬೀಗ ರಿಪೇರಿಯ ಅಂಗಡಿ ಇಟ್ಟುಕೊಂಡಿದ್ದ ಅವರು ಹುಟ್ಟಿನಿಂದ ಯಾವ ಹೊತ್ತಿಗೂ ಸರಿಯಾಗಿ ಬಂದವರಲ್ಲ. ತಮ್ಮ ಮದುವೆಯ ಮುಹೂರ್ತಕ್ಕೂ ತಡವಾಗಿ ಬಂದರಂತೆ. ಗಿರಿಯಮ್ಮ ಬದುಕಿದ್ದಾಗ ಬೋರಲಿಂಗಯ್ಯ ದಿನವೂ ಆಚೆ ದಡದ ಪೇಟೆಗೆ ಹಿತ್ತಾಳೆ ತರಲು ಹೋಗುತ್ತಿದ್ದರು. ಬೆಳಗಿನ ಮೊದಲ ಲಾಂಚು ಅವರು ಬರುವ ತನಕ ಕಾಯುತ್ತಿತ್ತು. ಅವರು ಹತ್ತಿದರೆ ಹೊರಡುತ್ತಿತ್ತು, ಆಮೇಲೆ ಇಡೀ ದಿನ ಅದರ ಪಾಡಿಗೆ ಅದು ಓಡಾಡುತ್ತಿತ್ತು.

ಗಿರಿಯಮ್ಮ ತೀರಿಕೊಂಡರು. ಲಾಂಚು ಕಾಯುವುದನ್ನು ಬಿಡಲಿಲ್ಲ. ಅಂಗಡಿಯನ್ನು ಮುಚ್ಚಿದರೂ, ಆಚೆ ದಡದಲ್ಲಿ ಯಾವ ಕೆಲಸವಿಲ್ಲದಿದ್ದರೂ, ಬೋರಲಿಂಗಯ್ಯ ಬಂದು ಹತ್ತದೆ ಬೆಳಗಿನ ಲಾಂಚು ಕದಲುತ್ತಿರಲಿಲ್ಲ. ಊರು ಹೊಂದಿಕೊಂಡಿತು. ಲಾಂಚಿಗೆ ಹೋಗುವವರಲ್ಲಿ ಒಬ್ಬರು ದಾರಿಯಲ್ಲಿ ಅವರ ಬಾಗಿಲು ಬಡಿದು ಎಬ್ಬಿಸುವುದು, ಇನ್ನೊಬ್ಬರು ಫ್ಲಾಸ್ಕಿನಲ್ಲಿ ಕಾಫಿ ತರುವುದು ಬಳಕೆಗೆ ಬಂತು. ಮಂಡಿ ನೋವು ಬಂದಾಗ ತೋಳು ಹಿಡಿದು ಇಳಿಜಾರು ಇಳಿಸಿದರು. ಒಂದು ಮಳೆಗಾಲ ಅವರಿಗೆ ಜ್ವರ ಬಂದು ಏಳಲಾಗಲಿಲ್ಲ. ನಾಲ್ಕು ಜನ ಮಂಚ ಸಮೇತ ಹೊತ್ತು ತಂದು ಲಾಂಚಿನಲ್ಲಿಟ್ಟರು. ಆಚೆ ದಡ ಮುಟ್ಟಿಸಿ, ಮುಂದಿನ ಟ್ರಿಪ್ಪಿನಲ್ಲಿ ವಾಪಸ್ಸು ತಂದು, ಮನೆಯಲ್ಲಿಟ್ಟು, ಗಂಜಿ ಕುಡಿಸಿ ಹೋದರು. ಇದೆಲ್ಲ ಯಾರೂ ಬೇಸರದಿಂದ ಮಾಡಲಿಲ್ಲ. ಹೂ ಮಾರುವ ಚೌಡಮ್ಮನಂತೂ ಲಾಂಚು ಕಾಯುತ್ತಿರುವಾಗ ಹೊಸಬರಿಗೆಲ್ಲ ಕಥೆ ಹೇಳುತ್ತಿದ್ದಳು. "ಸತ್ ಮೇಲೂ ಗಂಡನ್ ಬಿಟ್ ಹೋಗಲ್ಲ ಅಂತಾಳೆ ನೋಡಿ. ಇಂಥ ಹೆಂಡ್ತಿ ಎಷ್ಟ್ ಜನಕ್ಕೆ ಸಿಗ್ತಾಳೆ." ಬೋರಲಿಂಗಯ್ಯ ಕೇಳಿಸಿಕೊಂಡು ಹಲ್ಲು ಕಾಣದ ಹಾಗೆ ನಗುತ್ತಿದ್ದರು. ಅದನ್ನು ನಾವೆಲ್ಲ ನಾಚಿಕೆ ಎಂದುಕೊಂಡಿದ್ದೆವು.

ಒಂದು ಮಧ್ಯಾಹ್ನ ಅವರು ಕೋಡ್ ಆಫೀಸಿಗೆ ಬಂದರು. ಬೆಂಚಿನ ಮೇಲೆ ಕೂತು ಮಂಡಿ ಒತ್ತಿಕೊಂಡರು. ನಾನು ನೀರು ಕೊಟ್ಟೆ.

"ಅಂಬುಜಮ್ಮ, ಆ ಲಾಂಚಿಂದು ಒಂಚೂರು ಸರಿ ಮಾಡ್ಕೊಡ್ಬೇಕಲ್ಲ" ಎಂದರು.

"ಏನಾಗಿದೆ ಅದಕ್ಕೆ?"

"ಏನೂ ಆಗಿಲ್ಲ. ಅದೇ ತೊಂದ್ರೆ. ನಮ್ಮಕ್ಕ ಆಚೆ ದಡದಿಂದ ಇನ್ನೂ ಮುಂದೆ ಅವ್ಳ ಮಗಳ ಮನೇಲಿದಾಳೆ. ಹಾಸಿಗೆ ಹಿಡಿದಿದಾಳೆ. ಹೋಗಿ ಅವಳ ಜೊತೆ ಸ್ವಲ್ಪ ದಿನ ಇರೋಣ ಅಂದ್ರೆ ಊರೋರು ಬಿಡಲ್ಲ. ನೀವು ಹೋದ್ರೆ ಬೆಳಗ್ಗೆ ಆಸ್ಪತ್ರೆಗ್ ಹೋಗೋರ ಗತಿ ಏನು ಅಂತಾರೆ. ಅದೂ ಸರೀನೆ. ನಾನೊಬ್ಬ ಮಲಗಿದ್ರೆ ಎಲ್ರೂ ನಿಲ್ಬೇಕು."

ನಾನು, ಗಿರಿಯಮ್ಮನವರ ಪ್ರೀತಿ ಅಂಥದ್ದು, ಎಂದೇನೋ ಅಂದೆ. ಎಲ್ಲರೂ ಹಾಗೆ ಅನ್ನುತ್ತಿದ್ದೆವಲ್ಲ, ಬಾಯಿಗೆ ಬಂತು.

"ಹೌದಮ್ಮ. ಇದ್ದಾಗಲೂ ಹಂಗೇ ಇದ್ಲು. ನಾನು ಉಣ್ಣೋ ತನ್ಕ ಉಣ್ತಿರ್ಲಿಲ್ಲ. ನಂಗೆ ಹಸಿವಿರಲಿ ಬಿಡಲಿ, ಅವ್ಳು ಹಸ್ಕೊಂಡಿದಾಳಲ್ಲ ಅಂತ ಉಣ್ತಿದ್ದೆ." ನೀರಿನ ಲೋಟವನ್ನು ಬೆಂಚಿನ ಮೇಲೆ ಇಟ್ಟರು. "ನಂಗೆ ಸಾಕಾಗಿದೆ. ಇದನ್ನ ಬೇರೆ ಯಾರ ಹತ್ರ ಹೇಳ್ಕೊಳಕ್ಕೂ ಆಗಲ್ಲ. ನೀವು ಯಾರ ಮುಲಾಜೂ ನೋಡಲ್ಲ ಅಂತಾರೆ, ಅದಕ್ಕೇ ನಿಮ್ಮ ಹತ್ರ ಬಂದೆ."

ಹೊಗಳಿದರೋ ತೆಗಳಿದರೋ ತಿಳಿಯಲಿಲ್ಲ. ಕೆಲಸ ಮಾತ್ರ ಒಪ್ಪಿಕೊಂಡೆ.

ಲಾಂಚಿನ ಕೋಡನ್ನು ಮೊದಲಿಂದ ಕೊನೆಯವರೆಗೆ ಓದಿದೆ. ಬೋರಲಿಂಗಯ್ಯನವರಿಗೆ ಕಾಯಬೇಕು ಎಂದು ಎಲ್ಲಿಯೂ ಬರೆದಿರಲಿಲ್ಲ. ದಡದ ಗಂಟೆ ಹೊಡೆದರೆ ಲಂಗರಿನ ಸರಪಳಿ ಎತ್ತು, ಮೋಟರು ಹಾಕು, ಹೊರಡು ಎಂದಷ್ಟೇ ಇತ್ತು. ಲೆಕ್ಕದ ಪ್ರಕಾರ ಲಾಂಚು ನಿಲ್ಲಲೇಬಾರದು. ಕಾಯುವಿಕೆಯೆಲ್ಲ ಇದ್ದದ್ದು ಆ ಖಾಲಿ ಸಾಲುಗಳಲ್ಲಿ. ಸರಪಳಿ ಎತ್ತು ಎಂಬುದರ ಕೆಳಗೆ ಎಷ್ಟು ಜಾಗ ಬಿಟ್ಟಿದ್ದರೆಂದರೆ, ಮುಂದಿನ ಸಾಲು ಸಿಗುವವರೆಗೆ ನಾನೇ ಎರಡು ಸಲ ಬಾಗಿಲ ಕಡೆ ನೋಡಿದೆ. ಅವರು ಸತ್ತಾಗ ನನಗೆ ದುಃಖವಾಗಿತ್ತು. ಆದರೆ ಅಷ್ಟು ಹತ್ತಿರದಿಂದ ಅವರನ್ನು ನೋಡಿದ್ದು ಅವತ್ತೇ, ಮತ್ತು ಸ್ವಲ್ಪ ಭಯವೂ ಆಯಿತು. ಪಕ್ಕದ ಮೇಜಿನ ಸಲೀಮ ಬಗ್ಗಿ ನೋಡಿ, "ಇದನ್ನ ಮುಟ್ಬೇಡಿ ಅಕ್ಕ. ನಡೀತಾ ಇರೋದನ್ನ ಯಾಕೆ ಕೆದಕ್ತೀರ" ಎಂದ. ಈ ಮಾತು ಕೇಳಿದಾಗಲೆಲ್ಲ ನನಗೆ ಪುಟ್ಟಮಾದನ ಮುಖ ಕಾಣುತ್ತದೆ. ಖಾಲಿ ಸಾಲುಗಳನ್ನು ಒಂದೊಂದಾಗಿ ಅಳಿಸುತ್ತ ಹೋದೆ. ಉಳಿದ ಸಾಲುಗಳನ್ನೂ ಹೊಸದಾಗಿ ಬರೆದೆ. ಸಂಜೆಯ ಹೊತ್ತಿಗೆ ಇಡೀ ಕೋಡ್ ಕಟ್ಟಳೆಗೆ ಸರಿಯಾಗಿತ್ತು. ಕೈ ಹುಡುಕಲು ಅದನ್ನು ಗೋಡೆಯ ಮೇಲೆ ಹಾಕಬೇಕೆಂದು ನನಗೆ ಹೊಳೆಯಲೇ ಇಲ್ಲ. ಬೇರೆಯವರಿಗೂ ಕೇಳಬೇಕೆನ್ನಿಸಲಿಲ್ಲ. ಕಟ್ಟಳೆ ಕಾಯುವವಳ ಕೋಡಿನಲ್ಲಿ ಏನು ಹುಡುಕುವುದು ಎಂದು ಎಲ್ಲರೂ ಅಂದುಕೊಂಡೆವು. ಲಾಂಚಿಗೆ ಹಾಕಿಬಿಟ್ಟೆ.

ಮರುದಿನ ಬೆಳಿಗ್ಗೆ ಗಂಟೆ ಹೊಡೆದ ಕೂಡಲೇ ಲಾಂಚು ಹೊರಟಿತು. ಚೌಡಮ್ಮ ಒಂದು ಬುಟ್ಟಿಯನ್ನು ಒಳಗಿಟ್ಟು ಇನ್ನೊಂದನ್ನು ಎತ್ತಲು ತಿರುಗಿದ್ದಳು. ಬುಟ್ಟಿ ಒಂದೇ ನದಿ ದಾಟಿತು. ಮೇಷ್ಟ್ರ ಒಂದು ಚಪ್ಪಲಿ ಈಚೆ, ಮೇಷ್ಟ್ರು ಆಚೆ. ಆಸ್ಪತ್ರೆಗೆ ಹೊರಟಿದ್ದ ಬಸುರಿಯೊಬ್ಬಳ ಗಂಡ ಹತ್ತಿದ, ಅವಳು ದಡದಲ್ಲೇ ಉಳಿದಳು. ಪುಣ್ಯಕ್ಕೆ ತಿಂಗಳು ತುಂಬಿರಲಿಲ್ಲ. ಮಾರನೆಯ ದಿನವೂ ಅಷ್ಟೆ. ಲಾಂಚು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಜನ ಬಲುಬೇಗ ಹೊಂದಿಕೊಂಡರು, ಹೇಗೆಂದರೆ ನನ್ನ ಮನೆಗೆ ಬರತೊಡಗಿದರು. ಒಬ್ಬರು ನುಗ್ಗೆಕಾಯಿ ತಂದರು, ಒಬ್ಬರು ನನ್ನ ಸೀರೆ ಚೆನ್ನಾಗಿದೆಯೆಂದರು. ಚೌಡಮ್ಮ ಮೊಳ ಮಲ್ಲಿಗೆ ಮುಡಿಸಿ, "ಒಸಿ ನಗ್ತಾ ಇರವ್ವ, ಲಾಂಚಿಗೂ ಒಳ್ಳೇದು" ಎಂದು ಗಲ್ಲ ಮುಟ್ಟಿದಳು. ಆಗಲೂ ನನಗೆ ಅರ್ಥವಾಗಲಿಲ್ಲ. ನುಗ್ಗೆಕಾಯಿ ಸಾರು ಮಾಡಿಕೊಂಡು ಉಂಡೆ.

ಆಫೀಸಿನಲ್ಲಿ ಎಲ್ಲರಿಗಿಂತ ಕಿರಿಯಳಾದ ದಾಕ್ಷಾಯಿಣಿ, ಊಟವಾದ ಮೇಲೆ ಯಾರನ್ನೂ ಕೇಳದೆ ಲಾಂಚಿನ ಕೋಡನ್ನು ಗೋಡೆಯ ಮೇಲೆ ಹಾಕಿದಳು. ಬರೆದವರ ಹೆಸರು ಹೇಳಲಿಲ್ಲ, ಪದ್ಧತಿ ಪದ್ಧತಿಯೇ. ಇಡೀ ಕೋಣೆ ಒಟ್ಟಿಗೆ, "ಅಂಬುಜಕ್ಕ" ಎಂದಿತು.

"ಕಟ್ಟಳೆ ಮೀರಿದ್ದು ಒಂದು ಸಾಲು ತೋರಿಸಿ" ಎಂದೆ. ನನಗೆ ಕೋಪ ಬಂದಿತ್ತು.

"ಒಂದೂ ಮೀರಿಲ್ಲ ಅಕ್ಕ" ಎಂದಳು ದಾಕ್ಷಾಯಿಣಿ. "ಆದ್ರೆ ಸಮ ಚಿಹ್ನೆಗಳನ್ನ ನೋಡಿ. ಮೇಲಿಂದ ಕೆಳಗಿನ ತನಕ ಒಂದೇ ನೇರಕ್ಕೆ ನಿಲ್ಸಿದೀರ. ಕಟ್ಟಳೇಲಿ ಅದು ಎಲ್ಲೂ ಇಲ್ಲ. ಟಿಪ್ಪಣಿ ಬೇಕಾದ ಕಡೆ ಬರೀಬೋದು ಅಂತ ಇದೆ, ನೀವು ಒಂದೂ ಬರ್ದಿಲ್ಲ. ಬೇಕು ಅನ್ನೋದು ನಿಮ್ಗೆ ಎಲ್ಲೂ ಅನ್ಸೋದೇ ಇಲ್ಲ."

ನೋಡಿದೆ. ಸಮ ಚಿಹ್ನೆಗಳು ಒಂದರ ಕೆಳಗೊಂದು ಬೇಲಿಯ ಗೂಟಗಳಂತೆ ನಿಂತಿದ್ದವು. ಅಷ್ಟು ವರ್ಷ ಬೇರೆಯವರ ಕೈಯನ್ನು ಹುಡುಕಿ ಹುಡುಕಿ ತೆಗೆದವಳಿಗೆ ತನಗೂ ಒಂದು ಕೈ ಇದೆಯೆಂಬುದೇ ಮರೆತುಹೋಗಿತ್ತು. ಅವಮಾನವಾಯಿತು. ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ. ಮುಡಿದಿದ್ದ ಮಲ್ಲಿಗೆಯನ್ನು ತೆಗೆದಿಟ್ಟೆ.

ಅಷ್ಟರಲ್ಲಿ ಊರು ನಿರ್ಧಾರ ಮಾಡಿಯಾಗಿತ್ತು. ಪಂಚಾಯ್ತಿ ಅಧ್ಯಕ್ಷರು ಆಫೀಸಿಗೆ ಬಂದು, ಗಿರಿಯಮ್ಮನ ಹಳೆಯ ಕೋಡನ್ನೇ ವಾಪಸ್ಸು ಹಾಕಿ ಎಂದರು. "ನಿಮ್ಮದಕ್ಕಿಂತ ಅದೇ ವಾಸಿ. ಅಲ್ಲಿ ಒಬ್ಬರ್ನ ಎಬ್ಬಿಸಿ ಕರ್ಕೊಂಡು ಬಂದ್ರೆ ಮುಗೀತಿತ್ತು. ಈಗ ಊರೇ ಓಡ್ಬೇಕು." ಅವರ ಹಿಂದೆ ಚೌಡಮ್ಮ ನಿಂತಿದ್ದಳು. ಅವಳ ಹಿಂದೆ, ಯಾರೂ ಕರೆಯದಿದ್ದರೂ, ಬೋರಲಿಂಗಯ್ಯ.

"ಹಳೇದು ಹಾಕಿದ್ರೆ ನಾಳೆಯಿಂದ ಮತ್ತೆ ಬಾಗಿಲು ಬಡೀತೀರಲ್ವಾ" ಎಂದು ಅವರು ಅಧ್ಯಕ್ಷರನ್ನು ಕೇಳಿದರು.

"ನಾವೇನ್ ನಿಮ್ಗೆ ಕಮ್ಮಿ ಮಾಡಿದೀವಿ ಬೋರಲಿಂಗಯ್ಯೋರೆ? ಕಾಫಿ ಕೊಟ್ಟಿಲ್ವಾ? ಜ್ವರ ಬಂದಾಗ ಹೊತ್ತಿಲ್ವಾ?"

"ಹೊತ್ತಿದೀರ. ಚೆನ್ನಾಗಿ ನೋಡ್ಕೊಂಡಿದೀರ. ಮಂಚದ ಮೇಲೆ ಮಲ್ಕೊಂಡು ನದಿ ಮಧ್ಯದಲ್ಲಿ ಆಕಾಶ ನೋಡ್ತಾ ಇದ್ದೆ ನಾನು. ನಾನು ಸತ್ರೆ ಇವ್ರು ದಿನಾ ಹೆಣ ಹೊತ್ಕೊಂಡು ಬರ್ತಾರೇನೋ ಅಂತ ಅನ್ಸ್ತು." ಅವರ ದನಿ ಏರಲಿಲ್ಲ. "ನಮ್ಮಕ್ಕ ಇನ್ನೆಷ್ಟು ದಿನ ಇರ್ತಾಳೋ ಗೊತ್ತಿಲ್ಲ. ನಂಗೆ ಹೋಗ್ಬೇಕು."

ಚೌಡಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಇಷ್ಟು ದಿನ ತಾನು ಹೇಳಿದ ಕಥೆಯನ್ನು ಅವರ ಕಡೆಯಿಂದ ಕೇಳಿದ್ದು ಅವಳಿಗೆ ಇದೇ ಮೊದಲು. ಅಧ್ಯಕ್ಷರು, ಸೋಮವಾರದೊಳಗೆ ಸರಿಯಾಗದಿದ್ದರೆ ಹಳೆಯದೇ ಗತಿ ಎಂದು ಹೇಳಿ ಹೊರಟುಹೋದರು.

ಆ ಬಾರಿ ಎಲ್ಲರೂ ಸೇರಿ ಬರೆದೆವು. ನಾನು ಒಂದು ತುಂಡು ಬರೆದರೆ ಸಲೀಮ ಅದನ್ನು ಓದಿ ಬದಲಿಸುತ್ತಿದ್ದ, ಅವನದನ್ನು ದಾಕ್ಷಾಯಿಣಿ. ಜಗಳ ಬಂದದ್ದು ಕಾಯುವುದರ ವಿಚಾರದಲ್ಲಿ. ಕಾಯುವುದೇ ಬೇಡ, ಗಂಟೆಗೆ ಸರಿಯಾಗಿ ಹೊರಡಲಿ ಎಂದು ನಾನು. ಕಾಯಲು ಶುರುಮಾಡಿದರೆ ಸಂಜೆಯಾದರೂ ಹೊರಡುವುದಿಲ್ಲ ಎಂದು ಸಲೀಮನೂ ನನ್ನ ಕಡೆಗೇ ಇದ್ದ.

"ಗಿರಿಯಮ್ಮೋರು ಕಾದಿದ್ದು ತಪ್ಪಲ್ಲ ಅಕ್ಕ" ಎಂದಳು ದಾಕ್ಷಾಯಿಣಿ. "ಅದನ್ನ ಖಾಲಿ ಜಾಗದಲ್ಲಿ ಬಚ್ಚಿಟ್ಟಿದ್ದು ತಪ್ಪು. ಕಾಯೋದಾದ್ರೆ ಕಾಯ್ತೀನಿ ಅಂತ ಬರೀಬೇಕು. ಯಾರಿಗೆ, ಎಲ್ಲಿ ತನ್ಕ, ಎಲ್ಲಾ. ಓದಿದೋರಿಗೆ ಗೊತ್ತಾಗೋ ಹಂಗೆ."

"ಯಾರಿಗೆ ಅಂತ ಬರೀತೀಯ?"

"ಯಾರ್ ಬಂದ್ರೂ."

ಅಳಿಸಿದ್ದೆಲ್ಲ ಹೋಗಲೇಬೇಕಾದ್ದೇ ಎಂದು ನಂಬಿದ್ದವಳು ನಾನು. ಆದರೂ ನಾನೇ ಟೈಪ್ ಮಾಡಿದೆ. ಇಳಿಜಾರಿನಲ್ಲಿ ಯಾರಾದರೂ ಲಾಂಚಿನ ಕಡೆಗೆ ಬರುತ್ತಿರುವುದು ಕಂಡರೆ, ಮಂಡಿ ನೋವಿರುವವರು ಇಳಿದು ಬರುವಷ್ಟು ಹೊತ್ತು ನಿಲ್ಲು. ಆಮೇಲೂ ಹತ್ತದಿದ್ದರೆ ಹೊರಡು. ಹೆಸರುಗಳನ್ನು ಪೂರ್ತಿಯಾಗಿ ಬರೆದೆ, ಸಮ ಚಿಹ್ನೆಗಳನ್ನು ಅವುಗಳ ಪಾಡಿಗೆ ಬಿಟ್ಟೆ. ಏಕೆ ನಿಲ್ಲಬೇಕು ಎಂದು ಒಂದು ಸಾಲಿನ ಟಿಪ್ಪಣಿಯನ್ನೂ ಹಾಕಿದೆ. ಕೋಡನ್ನು ಗೋಡೆಯ ಮೇಲೆ ಹಾಕಿ, ನೀರಿನ ವಿಭಾಗದವರನ್ನೂ ದೀಪದ ವಿಭಾಗದವರನ್ನೂ ಕರೆದು ಕೇಳಿದೆವು. ಒಬ್ಬರು ನನ್ನ ಹೆಸರು ಹೇಳಿದರು, ಒಬ್ಬರು ಸಲೀಮನದು, ಇನ್ನೊಬ್ಬರು ತಮ್ಮದೇ ಇರಬೇಕು ಎಂದರು. ಎಲ್ಲರ ಕೈಯೂ ಅದರಲ್ಲಿ ಸೇರಿದೆಯೆಂದು ಯಾರಿಗೂ ಹೊಳೆಯಲಿಲ್ಲ, ಕೋಡ್ ಪಾಸಾಯಿತು.

ಸೋಮವಾರದಿಂದ ಲಾಂಚು ಬರಿಯ ಲಾಂಚಾಯಿತು. ಯಾರೂ ಬೋರಲಿಂಗಯ್ಯನವರ ಬಾಗಿಲು ಬಡಿಯಲಿಲ್ಲ. ಅವರು ಎರಡು ದಿನ ಹೊರಗೇ ಬರಲಿಲ್ಲ, ನಿದ್ದೆ ಮಾಡಿದರಂತೆ. ಬುಧವಾರ ನನಗೆ ಆಚೆ ದಡದಲ್ಲಿ ಕೆಲಸವಿತ್ತು. ಬೆಳಗಿನ ಲಾಂಚಿನಲ್ಲಿ ಅಂಚಿನ ಕಟಾಂಜನದ ಕಂಬಿ ಹಿಡಿದು ನಿಂತಿದ್ದೆ. ಗಂಟೆ ಹೊಡೆಯಿತು. ಆಗ ಇಳಿಜಾರಿನ ತುದಿಯಲ್ಲಿ ಬೋರಲಿಂಗಯ್ಯ ಕಾಣಿಸಿದರು. ಕೈಯಲ್ಲಿ ಬಟ್ಟೆಯ ಚೀಲ, ಹೆಗಲ ಮೇಲೆ ಮಡಿಸಿದ ಕಂಬಳಿ. ಅಕ್ಕನ ಮನೆಗೆ ಹೊರಟಿದ್ದರು. ಎಂದಿನಂತೆ ತಡವಾಗಿತ್ತು. ಲಾಂಚು ಸರಪಳಿ ಎತ್ತದೆ ನಿಂತಿತು.

ಅವರೂ ನಿಂತರು. ಮತ್ತೆ ತಮಗೇ ಕಾಯುತ್ತಿದೆ ಎಂದುಕೊಂಡರೆಂದು ಅವರ ಮುಖವೇ ಹೇಳುತ್ತಿತ್ತು. ಹೊಸ ಕೋಡಿನ ವಿಚಾರ ಅವರಿಗೆ ನಾವು ಯಾರೂ ಹೇಳಿರಲಿಲ್ಲ. ಇನ್ನು ಕಾಯುವುದಿಲ್ಲ, ನಿಶ್ಚಿಂತೆಯಾಗಿರಿ ಎಂದಷ್ಟೇ ಹೇಳಿ ಕಳಿಸಿದ್ದೆವು. "ನಿಮಗಲ್ಲ, ಬನ್ನಿ, ಇದು ಎಲ್ಲರಿಗೂ ನಿಲ್ಲುತ್ತೆ" ಎಂದು ಕೂಗಿದೆ. ಗಾಳಿಗೆ ಅವರಿಗೆ ಕೇಳಿಸಲಿಲ್ಲ. ಅವರು ಚೀಲವನ್ನು ಕೆಳಗಿಟ್ಟು, ಕೈಕಟ್ಟಿಕೊಂಡು ಲಾಂಚನ್ನೇ ನೋಡುತ್ತ ನಿಂತರು. ಬರುವುದಿಲ್ಲ ಎಂದು ಹಟ ಹಿಡಿದ ಮಗುವಿನ ಹಾಗೆ. ಲಾಂಚು ಕಾಯಿತು. ಆಮೇಲೆ ಸರಪಳಿ ಎದ್ದಿತು, ಮೋಟರು ಶುರುವಾಯಿತು, ದಡ ಹಿಂದೆ ಸರಿಯಿತು.

ಬೋರಲಿಂಗಯ್ಯ ಎರಡು ಹೆಜ್ಜೆ ಮುಂದೆ ಬಂದರು. ಕಟ್ಟಿದ ಕೈ ಬಿಚ್ಚಿಕೊಂಡಿತ್ತು. ನೀರಿನ ಅಂಚಿನವರೆಗೂ ಬಂದು, ಹೋಗುತ್ತಿರುವ ಲಾಂಚನ್ನು ನೋಡಿದರು. ಆಮೇಲೆ ಅಲ್ಲೇ ಕಲ್ಲಿನ ಮೇಲೆ ಕುಳಿತುಬಿಟ್ಟರು. ದಡದಲ್ಲಿ ಹೂ ಕಟ್ಟುತ್ತಿದ್ದ ಚೌಡಮ್ಮ ಎದ್ದು ಅವರ ಕಡೆಗೆ ಓಡುವುದು ಕಾಣಿಸಿತು. ದೂರಕ್ಕೆ ಅವರ ಹೆಗಲು ಅಲುಗುವುದಷ್ಟೇ ತಿಳಿಯುತ್ತಿತ್ತು. ವಾಪಸ್ಸು ತಿರುಗಿಸಲು ನನಗೆ ಮನಸ್ಸಾಯಿತು. ಹಾಗೆ ಮಾಡುವ ಸಾಲನ್ನು ನಾವು ಬರೆದಿರಲಿಲ್ಲ.

ಆಚೆ ದಡದಲ್ಲಿ ಇಳಿಯದೆ ಅದೇ ಲಾಂಚಿನಲ್ಲಿ ವಾಪಸ್ಸು ಬಂದೆ. ಅವರು ಕಲ್ಲಿನ ಮೇಲೆಯೇ ಇದ್ದರು. ಮುಖ ತೊಳೆದುಕೊಂಡಿದ್ದರು, ಅಂಗಿಯ ಮುಂಭಾಗ ಒದ್ದೆಯಾಗಿತ್ತು. ಚೌಡಮ್ಮ ಪಕ್ಕದಲ್ಲಿ ಅವರ ಚೀಲ ಹಿಡಿದುಕೊಂಡು ಕೂತಿದ್ದಳು. ನಾನು ಹೋಗಿ ಎದುರಿಗೆ ನಿಂತೆ.

"ಅಷ್ಟೊತ್ತು ಕಾಯ್ತಲ್ಲ, ಯಾರಿಗೆ?" ಎಂದು ಕೇಳಿದರು.

"ಯಾರ್ ಬಂದ್ರೂ ಕಾಯುತ್ತೆ. ಚೌಡಮ್ಮ ಬಂದ್ರೂ ಅಷ್ಟೆ, ನಾನ್ ಬಂದ್ರೂ ಅಷ್ಟೆ. ಹತ್ತದಿದ್ರೆ ಹೋಗುತ್ತೆ."

"ಹೋಯ್ತು, ನೋಡ್ದೆ." ಒದ್ದೆ ಅಂಗಿಯ ತುದಿಯನ್ನು ಹಿಂಡಿದರು. "ಅವ್ಳು ಸತ್ತಾಗ ಎಲ್ರೂ ಅತ್ರು. ನಂಗೆ ಅಳು ಬರ್ಲಿಲ್ಲ. ಕಲ್ಲೆದೆ ಅಂದ್ಕೊಂಡ್ರು ಕೆಲವ್ರು. ದಿನಾ ಬೆಳಗ್ಗೆ ದಡದಲ್ಲಿ ಕಾಯ್ತಾ ಇರೋಳು ಸತ್ತೋದ್ಲು ಅಂತ ಹೆಂಗಮ್ಮ ಅಳೋದು?"

ಗಂಟೆ ಹೊಡೆಯಿತು. ಚೌಡಮ್ಮ ಚೀಲವನ್ನು ಅವರ ಕೈಗೆ ಕೊಟ್ಟಳು. ಬೋರಲಿಂಗಯ್ಯ ಮಂಡಿ ಹಿಡಿದುಕೊಂಡು ಎದ್ದು, ಅವಸರವಿಲ್ಲದೆ ಇಳಿದು ಹೋಗಿ ಲಾಂಚು ಹತ್ತಿದರು.